ಬಸ್ಸು ತಪ್ಪಿದವರು, ಬಸ್ಸಿನಲ್ಲಿದ್ದವರು

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ಹಾಡು ಮುಗಿದು, ಬೈಬಲ್ ಓದಿ ಆದ ಮೇಲೆ ಯಾರಾದರೂ ಒಬ್ಬರು ಎದ್ದು ನಿಂತು, ದೇವರು ತಮಗೆ ಏನು ಮಾಡಿದರು ಅಂತ ಹೇಳುತ್ತಾರೆ. ಮಗಳಿಗೆ ಕೆಲಸ ಸಿಕ್ಕಿದ್ದು, ಕಿಡ್ನಿಯ ಕಲ್ಲು ಆಪರೇಷನ್ ಇಲ್ಲದೆ ಹೋಗಿದ್ದು, ಸೈಟಿನ ತಕರಾರು ಬಗೆಹರಿದಿದ್ದು. ಕೇಳುವುದಕ್ಕೆ ಚೆನ್ನಾಗಿರುತ್ತದೆ. ಮನೆಗೆ ಹೋಗುವಾಗ ಮನಸ್ಸು ಹಗುರವಾಗಿರುತ್ತದೆ. ಆದರೆ ಅಲ್ಲಿ ಕೇಳಿದ ಒಂದು ಸಾಕ್ಷಿ ಮಾತ್ರ ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳಿದವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದರಂತೆ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಆಟೋ ಕೆಟ್ಟು ನಿಂತಿತು. ಬಸ್ಸು ತಪ್ಪಿತು. ಆಟೋದವನಿಗೆ ಬೈದು ಮನೆಗೆ ವಾಪಸ್ ಬಂದು ಮಲಗಿದರು. ಬೆಳಿಗ್ಗೆ ಟಿವಿ ಹಾಕಿದರೆ ಅದೇ ಬಸ್ಸು ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಪಲ್ಟಿಯಾಗಿತ್ತು. ಸತ್ತವರೂ ಇದ್ದರು. "ಆಟೋ ಕೆಡಿಸಿದ್ದು ದೇವರೇ, ನನ್ನನ್ನ ಉಳಿಸೋದಕ್ಕೆ" ಅಂತ ಕಣ್ಣೊರೆಸಿಕೊಂಡರು. ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು.

ನನಗೆ ಬಸ್ಸಿನಲ್ಲಿದ್ದವರದ್ದೇ ಯೋಚನೆ. ಅವರ ಆಟೋಗಳು ಯಾಕೆ ಕೆಡಲಿಲ್ಲ? ಅವರಲ್ಲೂ ಸೀಟಿನಲ್ಲಿ ಕೂತ ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡವರು, ಡ್ರೈವರ್ ಮುಂದಿನ ಫೋಟೋಗೆ ಕೈ ಮುಗಿದವರು, ಬಿಸ್ಮಿಲ್ಲಾ ಅಂದವರು ಇದ್ದೇ ಇರುತ್ತಾರೆ ಅಲ್ವಾ? ಬದುಕಿದವರು ದೇವರಿಗೆ ಸ್ತೋತ್ರ ಹೇಳಿದ್ದು ಸರಿಯೇ. ನಾನಾಗಿದ್ದರೂ ಹೇಳುತ್ತಿದ್ದೆ. ಆದರೆ ಸ್ತೋತ್ರ ಹೇಳುತ್ತಾ ಹೇಳುತ್ತಾ ಅವರು ಉಳಿದವರ ಸಾವಿಗೂ ಒಂದು ಕಾರಣ ಕೊಟ್ಟುಬಿಟ್ಟರು. ಅದು ಚುಚ್ಚಿತು. ಇನ್ನೊಂದು ವಿಷಯ ಅಂದರೆ, ಇಷ್ಟು ವರ್ಷದಲ್ಲಿ "ನಾನು ಬೇಡಿಕೊಂಡೆ, ಸಿಗಲಿಲ್ಲ" ಅಂತ ಸಾಕ್ಷಿ ಹೇಳಿದವರನ್ನು ನಾನು ನೋಡಿಲ್ಲ. ಅಂಥವರು ಸುಮ್ನೆ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಇಲ್ಲ ಬರುವುದನ್ನೇ ಬಿಟ್ಟಿರುತ್ತಾರೆ.

ಯೇಸುಸ್ವಾಮಿಯ ಮುಂದೂ ಈ ಮಾತು ಬಂದಿತ್ತು. ಲೂಕನ ಶುಭಸಂದೇಶದ 13ನೇ ಅಧ್ಯಾಯ. ಬಲಿ ಕೊಡುತ್ತಿದ್ದ ಕೆಲವು ಗಲಿಲೇಯದವರನ್ನು ರೋಮನ್ ರಾಜ್ಯಪಾಲ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಜನ ಬಂದು ಹೇಳುತ್ತಾರೆ. ಆಗ ಯೇಸುವೇ ಇನ್ನೊಂದು ಸುದ್ದಿ ಎತ್ತುತ್ತಾರೆ. ಸಿಲೋವಾದ ಗೋಪುರ ಕುಸಿದು 18 ಜನ ಸತ್ತಿದ್ದರು. ಜೆರುಸಲೇಮಿನಲ್ಲಿದ್ದ ಉಳಿದವರಿಗಿಂತ ಆ 18 ಜನ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ, ಅಲ್ಲ ಅಂತ ತಾವೇ ಉತ್ತರ ಕೊಡುತ್ತಾರೆ. ಮಾತು ಅಲ್ಲಿಗೇ ನಿಂತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಅವರು ಮುಂದುವರಿಸಿ, ನೀವು ಮನಸ್ಸು ತಿರುಗಿಸದಿದ್ದರೆ ನಿಮ್ಮ ಗತಿಯೂ ಹಾಗೇ ಅನ್ನುತ್ತಾರೆ. ಪ್ರವಚನ ಮಾಡುವವರು ಈ ಎರಡನೇ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ನನಗೆ ಕಾಣುವುದು ಇಷ್ಟು. ಸತ್ತವರ ಪಾಪ ಪುಣ್ಯ ತೂಗುತ್ತಾ ಕೂತಿದ್ದ ಜನರಿಗೆ, ಅದು ನಿಮ್ಮ ಕೆಲಸ ಅಲ್ಲ, ನಿಮ್ಮನ್ನು ನೀವು ನೋಡಿಕೊಳ್ಳಿ ಅಂದರು.

ನಿಟುವಳ್ಳಿಯ ಮನೆ

ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು, ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ. ಒಬ್ಬನೇ ಮಗ, ಒಂಬತ್ತು ವರ್ಷ. ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಬೆಂಗಳೂರು ದಾವಣಗೆರೆ ಓಡಾಟ ಶುರುವಾಯಿತು. ಕೀಮೋ ಕೊಟ್ಟಾಗ ಬಾಯೆಲ್ಲ ಹುಣ್ಣು. ಅವನಿಗೆ ಬೆಣ್ಣೆ ದೋಸೆ ಅಂದರೆ ಪ್ರಾಣ. ಅಕ್ಕ ಪಾರ್ಸೆಲ್ ತರಿಸಿ, ಗರಿಗರಿ ಅಂಚನ್ನು ತಾನು ತಿಂದು, ನಡುವಿನ ಮೆತ್ತಗಿನ ಭಾಗವನ್ನು ಬೆಣ್ಣೆ ಸವರಿ ಚೂರು ಚೂರು ಮಾಡಿ ಬಾಯಿಗೆ ಇಡುತ್ತಿದ್ದಳು. ಚಟ್ನಿ ಖಾರ, ಮುಟ್ಟುವ ಹಾಗಿಲ್ಲ. ಅವನು ಕೈಯಿಂದ ಚಟ್ನಿ ತೋರಿಸಿ ನಗುತ್ತಿದ್ದ, ನೋಡೋದಕ್ಕಾದರೂ ಇಡಿ ಅನ್ನುವ ಹಾಗೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಅವನನ್ನು ಎತ್ತಿಕೊಂಡೇ ಹೋಗಿದ್ದಳು. ಆ ಜನಜಂಗುಳಿ ಗೊತ್ತಲ್ಲ. ನಮ್ಮವರಿಗಿಂತ ಬೇರೆಯವರೇ ಜಾಸ್ತಿ. ಲಿಂಗಾಯತರು, ಮುಸ್ಲಿಮರು, ಲಂಬಾಣಿ ಹೆಂಗಸರು, ಎಲ್ಲರ ಕೈಯಲ್ಲೂ ಮೇಣದಬತ್ತಿ. ಅದೇ ಹಬ್ಬದಲ್ಲಿ ಹರಕೆ ಹೊತ್ತ ಇನ್ನೊಂದು ಮನೆಯ ಮಗು ಗುಣವಾಯಿತು. ಅಕ್ಕನ ಮಗ ಮುಂದಿನ ಹಬ್ಬಕ್ಕೆ ಇರಲಿಲ್ಲ.

ಅವನು ಹೋದ ದಿನ ಹೊರಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಒಳಗೆ ಹೆಂಗಸರು ಜಪಸರ ಹೇಳುತ್ತಿದ್ದರು. ಬಂದವರೆಲ್ಲ ಏನೋ ಒಂದು ಹೇಳಲೇಬೇಕು ಅಂತ ಬಂದವರ ಹಾಗಿದ್ದರು. ದೇವರಿಗೆ ಇಷ್ಟವಾದ ಹೂವನ್ನೇ ಮೊದಲು ಕೊಯ್ದುಕೊಳ್ಳುತ್ತಾರೆ. ಇದು ನಿನ್ನ ನಂಬಿಕೆಗೆ ಪರೀಕ್ಷೆ. ಅಲ್ಲಿ ಅವನಿಗೆ ನೋವಿಲ್ಲ, ಖುಷಿಪಡು. ಒಬ್ಬರಂತೂ ಅಕ್ಕನ ಕಿವಿಯ ಹತ್ತಿರ ಬಗ್ಗಿ, ಹಿರಿಯರ ಕಾಲದ ಶಾಪ ಏನಾದರೂ ಇರಬಹುದು, ಬಿಡುಗಡೆ ಪ್ರಾರ್ಥನೆ ಮಾಡಿಸಿಬಿಡು ಅಂದರು. ಹೊರಗೆ ಗಂಡಸರ ಕಡೆ ಬೇರೆ ಮಾತು. ಹಣೆಬರಹ, ಪ್ರಾರಬ್ಧ, ಹೋದ ಜನ್ಮದ್ದು. ಕರ್ಮ ಅನ್ನುವುದನ್ನು ನಾವು ಕ್ರೈಸ್ತರು ಒಪ್ಪುವುದಿಲ್ಲ ಅಂತ ಧರ್ಮೋಪದೇಶದ ಕ್ಲಾಸಿನಲ್ಲಿ ಕಲಿಸುತ್ತಾರೆ. ಆದರೆ ಸಾವಿನ ಮನೆಯಲ್ಲಿ ಒಳಗಿನ ಮಾತಿಗೂ ಹೊರಗಿನ ಮಾತಿಗೂ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡು ಕಡೆಯೂ ಯಾರದೋ ತಪ್ಪು ಹುಡುಕುತ್ತಿದ್ದರು. ಶಾಪದ ಮಾತು ಹೇಳಿದವರು ಎದ್ದು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ ಕೇಳಿದಳು: "ಪಾಪ ಮಾಡಿದ್ದು ಅವನೋ, ನಾನೋ ಕಣೆ?"

ಹುಟ್ಟುಕುರುಡನನ್ನು ನೋಡಿ ಶಿಷ್ಯರು ಯೇಸುವಿಗೆ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಪಾಪ ಮಾಡಿದವರು ಯಾರು, ಇವನಾ, ಇವನ ತಂದೆತಾಯಿಯಾ? ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂತ ಉತ್ತರ ಬಂತು. ಯೊವಾನ್ನನ 9ನೇ ಅಧ್ಯಾಯವನ್ನು ನಾವು ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಎಷ್ಟು ಸಲ ಕೇಳಿಲ್ಲ! ಕೇಳಿದ ಕಿವಿಗಳೇ ನಿಟುವಳ್ಳಿಯ ಆ ಕೋಣೆಯಲ್ಲಿ ಕೂತಿದ್ದವು.

ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಪಾತ್ರೆ. ಈ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಅಂತ ಗಂಜಿ ಕಾಯಿಸಿ ತಂದಿದ್ದರು. ಜಪಸರ ನಡೆಯುತ್ತಿತ್ತು. ಅವರಿಗೆ ಅದು ಗೊತ್ತಿಲ್ಲ. ಗೋಡೆಗೆ ಒರಗಿ ಅಕ್ಕನ ಹಿಂದೆ ಕೂತರು. ಅಕ್ಕನ ಕೂದಲು ಬಿಚ್ಚಿಹೋಗಿ ಮುಖದ ಮೇಲೆ ಅಂಟಿಕೊಂಡಿತ್ತು. ಅಜ್ಜಿ ಬೆರಳಿನಲ್ಲೇ ಸಿಕ್ಕು ಬಿಡಿಸಿದರು. ನಿಧಾನಕ್ಕೆ, ಬುಡದಿಂದ ತುದಿಯವರೆಗೆ. ಆಮೇಲೆ ಸುತ್ತಿ ತುರುಬು ಕಟ್ಟಿದರು. ಜಪಸರ ಮುಗಿದಾಗ ಲೋಟಕ್ಕೆ ಗಂಜಿ ಬಗ್ಗಿಸಿ "ಎರಡು ಗುಟುಕು ಕುಡಿ ಯವ್ವಾ" ಅಂದರು. ಅಷ್ಟೇ. ಬೇರೆ ಒಂದು ಮಾತಿಲ್ಲ. ಅಕ್ಕ ಆ ದಿನ ಹೊಟ್ಟೆಗೆ ಹಾಕಿಕೊಂಡಿದ್ದು ಅದೊಂದೇ.

ಸ್ನೇಹಿತರ ಲೆಕ್ಕ

ಬೈಬಲಿನ ಯೋಬನ ಕಥೆ ಎಲ್ಲರಿಗೂ ಗೊತ್ತು, ಅಥವಾ ಗೊತ್ತು ಅಂದುಕೊಂಡಿದ್ದೇವೆ. ತಾಳ್ಮೆಯ ಯೋಬ. ಆಸ್ತಿ ಹೋಯಿತು, ಹತ್ತು ಮಕ್ಕಳು ಹೋದರು, ಮೈತುಂಬ ಹುಣ್ಣು, ಆದರೂ ದೇವರು ಕೊಟ್ಟರು ದೇವರು ತೆಗೆದುಕೊಂಡರು ಅಂದ. ಇದು ಮೊದಲ ಎರಡು ಅಧ್ಯಾಯದ ಯೋಬ. ಪುಸ್ತಕದಲ್ಲಿ ಇರುವುದು 42 ಅಧ್ಯಾಯ. ಮೂರನೆಯದರಲ್ಲಿ ಅವನು ಬಾಯಿ ತೆರೆದು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಅಲ್ಲಿಂದ ಮುಂದೆ ಅವನು ತಾಳ್ಮೆಯ ಮನುಷ್ಯನೇ ಅಲ್ಲ. ಜಗಳಗಂಟ. ದೇವರನ್ನು ಕೋರ್ಟಿಗೆ ಎಳೆಯಬೇಕು ಅನ್ನುವವನು.

ಅವನ ಮೂವರು ಸ್ನೇಹಿತರು, ಎಲೀಫಜ, ಬಿಲ್ದದ, ಚೋಫರ, ಕೆಟ್ಟವರಲ್ಲ. ದೂರದಿಂದ ಬಂದರು, ಗೋಳಾಡಿದರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ನಿಟುವಳ್ಳಿಯ ಅಜ್ಜಿಯ ಹಾಗೆ. ಮಾತು ಶುರು ಮಾಡಿದ ಮೇಲೆಯೇ ಎಡವಟ್ಟಾಗಿದ್ದು. ನಿರಪರಾಧಿ ಯಾರಾದರೂ ನಾಶವಾಗಿದ್ದುಂಟಾ ಅಂತ ಎಲೀಫಜ ಕೇಳುತ್ತಾನೆ. ನಿನ್ನ ಮಕ್ಕಳು ಪಾಪ ಮಾಡಿರಬೇಕು ಅಂತ ಬಿಲ್ದದ. ನಿನಗೆ ಸಿಕ್ಕಿದ ಶಿಕ್ಷೆ ಕಮ್ಮಿಯೇ ಆಯಿತು ಅಂತ ಚೋಫರ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಅವರ ಹತ್ತಿರ ಒಂದು ಲೆಕ್ಕ ಇತ್ತು. ಈ ಕಡೆ ಪಾಪ, ಆ ಕಡೆ ಕಷ್ಟ. ಕಷ್ಟದ ಕಡೆ ಅಂಕಿ ಕಂಡರೆ ಪಾಪದ ಕಡೆ ಏನೋ ಬರೆಯುವುದು ಬಿಟ್ಟುಹೋಗಿದೆ ಅಂತ ಅರ್ಥ.

ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಆ ಲೆಕ್ಕ ಅವರು ಗಾಳಿಯಿಂದ ತಂದದ್ದಲ್ಲ, ಅದು ಬೈಬಲಿನಲ್ಲೇ ಇದೆ. ಆಜ್ಞೆ ಪಾಲಿಸಿದರೆ ಮಳೆ, ಬೆಳೆ, ಮಕ್ಕಳು, ಪಾಲಿಸದಿದ್ದರೆ ಬರ, ರೋಗ, ಸೋಲು ಅಂತ ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಪಟ್ಟಿಯನ್ನೇ ಕೊಡುತ್ತದೆ. ತಂದೆಯ ಅಪರಾಧಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ದಂಡನೆ ಅನ್ನುವ ಮಾತು ವಿಮೋಚನಕಾಂಡದಲ್ಲಿದೆ. ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ ಅಂತ ಸಂತ ಪೌಲರೂ ಬರೆದಿದ್ದಾರೆ. ಹಾಗೇ ಅದೇ ಬೈಬಲಿನಲ್ಲಿ ಎದುರು ಮಾತೂ ಇದೆ. ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಚಳಿತು ಅನ್ನುವ ಗಾದೆಯನ್ನು ಇನ್ನು ಮುಂದೆ ಆಡಬೇಡಿ ಅಂತ ಪ್ರವಾದಿ ಎಜೆಕಿಯೇಲನ ಬಾಯಲ್ಲಿ ದೇವರೇ ಹೇಳಿಸುತ್ತಾರೆ. ದುಷ್ಟರು ಯಾಕೆ ಚೆನ್ನಾಗಿ ಬಾಳುತ್ತಾರೆ ಅಂತ ಪ್ರವಾದಿ ಜೆರೆಮೀಯ ದೇವರ ಮುಖಕ್ಕೇ ಕೇಳುತ್ತಾನೆ. ಅಂದರೆ ಬೈಬಲಿನ ಒಳಗೇ ಈ ವಿಷಯದಲ್ಲಿ ಜಗಳ ನಡೆದಿದೆ. ಬಿತ್ತಿದಂತೆ ಬೆಳೆ ಅನ್ನುವುದನ್ನು ಬಿತ್ತುವ ಮುಂಚೆ ಹೇಳಿದರೆ ಅದು ಎಚ್ಚರಿಕೆ. ಬೆಳೆ ಸುಟ್ಟುಹೋಗಿ ಕೂತವನ ಮುಂದೆ ಹೇಳಿದರೆ ಅದು ಏಟು.

ಈ ಜಗಳಕ್ಕೆ ಯೋಬನ ಪುಸ್ತಕ ಕೊಡುವ ತೀರ್ಪು ಇದೆಯಲ್ಲ, ಅದನ್ನು ನಾವು ಸರಿಯಾಗಿ ಅರಗಿಸಿಕೊಂಡೇ ಇಲ್ಲ ಅನಿಸುತ್ತದೆ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾರೆ. ಯೋಬನ ಒಂದು ಪ್ರಶ್ನೆಗೂ ನೇರ ಉತ್ತರ ಇಲ್ಲ. ಕಾಡುಮೇಕೆ ಯಾವಾಗ ಈಯುತ್ತದೆ ಗೊತ್ತಾ, ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ ಅಂತ ಮರುಪ್ರಶ್ನೆಗಳೇ. ಯೋಬ ಸುಮ್ಮನಾಗುತ್ತಾನೆ. ಆದರೆ ಅದಾದ ಮೇಲೆ, 42ನೇ ಅಧ್ಯಾಯದ 7ನೇ ವಾಕ್ಯದಲ್ಲಿ, ದೇವರು ಎಲೀಫಜನ ಮೇಲೆ ಸಿಟ್ಟಾಗುತ್ತಾರೆ. ನೀನೂ ನಿನ್ನ ಇಬ್ಬರು ಸ್ನೇಹಿತರೂ ನನ್ನ ದಾಸ ಯೋಬನ ಹಾಗೆ ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಅನ್ನುತ್ತಾರೆ. ದೇವರ ಪರವಾಗಿ ವಾದ ಮಾಡಿದವರಿಗೆ ಬೈಗುಳ. ದೇವರ ಮೇಲೇ ದೂರು ಹೇಳಿದವನಿಗೆ ಸರಿ ಅನ್ನುವ ಮುದ್ರೆ. ಅದೂ ಸಾಲದು ಅಂತ, ನಿಮಗೋಸ್ಕರ ಅವನು ಬೇಡಿಕೊಳ್ಳಲಿ, ಆಗ ಕ್ಷಮಿಸುತ್ತೇನೆ ಅಂತ ಬೇರೆ. ಬುದ್ಧಿ ಹೇಳೋಕೆ ಹೋದವರು ಕೊನೆಗೆ ಅವನ ಪ್ರಾರ್ಥನೆಗೆ ಕೈ ಚಾಚಬೇಕಾಯಿತು.

ಮಿಲ್ಲು ಕೊಟ್ಟದ್ದು

ಎಲ್ಲ ನೋವಿನ ಹಿಂದೆಯೂ ದೊಡ್ಡ ರಹಸ್ಯ ಇರುತ್ತದೆ ಅಂತೇನಿಲ್ಲ. ಇದು ನನಗೆ ಅಪ್ಪನಿಂದ ಗೊತ್ತಾಗಿದ್ದು.

ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು, ಆದರೂ ಸೈರನ್ ಕೇಳಿಸುತ್ತಿತ್ತು. ಅವರದು ಕಾರ್ಡಿಂಗ್ ಸೆಕ್ಷನ್. ಹತ್ತಿಯನ್ನು ಬಿಡಿಸಿ ಬಾಚುವ ಜಾಗ, ಧೂಳು ಜಾಸ್ತಿ. ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿತ್ತು. ಪಾಳಿ ಮುಗಿಸಿ ಬರುವಾಗ ಪೊಟ್ಟಣದಲ್ಲಿ ಮಂಡಕ್ಕಿ ಮೆಣಸಿನಕಾಯಿ ತರುತ್ತಿದ್ದರು. ನಾವು ಮಕ್ಕಳು ಮೊದಲು ಅವರ ಹುಬ್ಬು ಊದಿ, ಆಮೇಲೆ ಪೊಟ್ಟಣ ಬಿಚ್ಚುತ್ತಿದ್ದೆವು. ಕೆಮ್ಮು ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎದೆ ಬಿಗಿಯುತ್ತದೆ ಅನ್ನುತ್ತಿದ್ದರು. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಅನ್ನುವ ಕಾಯಿಲೆಯ ಮೊದಲ ಲಕ್ಷಣವೇ ಅದು ಅಂತ ನಾನು ಓದಿದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ. ಮಿಲ್ಲು ಮುಚ್ಚಿತು. ಬರಬೇಕಾದ ಬಾಕಿ ಬರಲಿಲ್ಲ. 1997ರವರೆಗೆ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತಲ್ಲ, ಜಿಲ್ಲಾ ಕಚೇರಿಯ ಕೆಲಸ ಅಂದರೆ ದುರ್ಗದ ಬಸ್ಸು ಹತ್ತಬೇಕು. ಅಪ್ಪ ಫೈಲು ಕಂಕುಳಲ್ಲಿಟ್ಟುಕೊಂಡು ಕೆಮ್ಮುತ್ತಾ ಹೋಗಿ ಬರುತ್ತಿದ್ದರು.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹಿರಿಯರೊಬ್ಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ದೇವರು ಕೊಟ್ಟ ಶಿಲುಬೆ, ತಾಳ್ಮೆಯಿಂದ ಹೊತ್ಕೋಬೇಕು" ಅಂದರು. ಅಪ್ಪ ಕೆಮ್ಮು ನಿಲ್ಲುವವರೆಗೆ ಕಾದು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಇದು ದೇವರು ಕೊಟ್ಟಿದ್ದಲ್ಲ ಸಾರ್, ಮಿಲ್ಲು ಕೊಟ್ಟಿದ್ದು."

ಸಂತ ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಯೋಬನ ತಾಳ್ಮೆಯ ಮಾತಿದೆ, 11ನೇ ವಾಕ್ಯ. ಅದನ್ನು ನಾವು ಆಗಾಗ ಕೇಳುತ್ತೇವೆ. ಅದೇ ಅಧ್ಯಾಯದ 4ನೇ ವಾಕ್ಯ ಶ್ರೀಮಂತರನ್ನು ಕುರಿತದ್ದು. ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಇಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತದೆ. ಏಳೇ ವಾಕ್ಯದ ಅಂತರ. ತಾಳ್ಮೆಯ ಮಾತನ್ನು ಕೂಲಿ ಸಿಗದವನಿಗೆ ಹೇಳುತ್ತೇವೆ, ಕೂಲಿಯ ಮಾತನ್ನು ಕೊಡಬೇಕಾದವನಿಗೆ ಹೇಳುವುದಿಲ್ಲ. ದೇವರ ನ್ಯಾಯ ಅಂತ ನಾವು ದೊಡ್ಡ ದನಿಯಲ್ಲಿ ಮಾತಾಡುವಾಗ ಎಷ್ಟೋ ಸಲ ಯಾವುದೋ ಮನುಷ್ಯನ ಅನ್ಯಾಯವನ್ನು ಅವರ ಹೆಸರಿಗೆ ಬರೆದುಬಿಟ್ಟಿರುತ್ತೇವೆ. ದೇವರಿಗೆ ಇದರಿಂದ ಬರುವ ಕೆಟ್ಟ ಹೆಸರು ನಾಸ್ತಿಕರಿಂದ ಬರುವುದಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಮಾರಿಕಣಿವೆ ಕೋಡಿ ಬಿದ್ದ ವರ್ಷ

ನನ್ನ ಗಂಡನ ಊರು ಹಿರಿಯೂರು ಕಡೆ. ಅಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮಳೆಗೇ ಬರುತ್ತದೆ. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮಾವ ಹುಟ್ಟಿದಾಗಿನಿಂದ ಕೋಡಿಯ ಕಥೆ ಕೇಳಿದ್ದವರು, ಕಣ್ಣಾರೆ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡೋಕೆ ಹೋಯಿತು. ಅದೇ ನೀರಿನಲ್ಲಿ ಹಿನ್ನೀರಿನ ಕಡೆ, ಹೊಸದುರ್ಗ ತಾಲೂಕಿನಲ್ಲಿ, ತೋಟಗಳು ಮುಳುಗಿದವು. ಗದ್ದಲದಲ್ಲಿ ಅದು ಅಷ್ಟು ಕೇಳಿಸಲಿಲ್ಲ.

ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಉದಯಿಸುತ್ತಾರೆ, ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾರೆ ಅನ್ನುವ ಮತ್ತಾಯನ ವಾಕ್ಯವನ್ನು, ಕಷ್ಟ ಎಲ್ಲರಿಗೂ ಬರುತ್ತದೆ ಅನ್ನುವ ಅರ್ಥದಲ್ಲಿ ಕೆಲವರು ಬಳಸುವುದನ್ನು ಕೇಳಿದ್ದೇನೆ. ಮಳೆಯನ್ನು ಕಷ್ಟ ಅಂದುಕೊಳ್ಳುವುದು ದುರ್ಗದ ಸೀಮೆಯವರಿಗೆ ಸಾಧ್ಯವೇ ಇಲ್ಲ. ಪ್ಯಾಲೆಸ್ತೀನಿನ ರೈತನಿಗೂ ಇರಲಿಲ್ಲ. ಮಾವ ಆ ವಾಕ್ಯ ಓದಿ ಒಮ್ಮೆ ಹೇಳಿದ್ದು: "ಬಡ್ಡಿ ಸಾಹುಕಾರನ ಹೊಲಕ್ಕೂ ನನ್ನ ಹೊಲಕ್ಕೂ ಒಂದೇ ಮಳೆ. ಇದ್ಯಾವ ನ್ಯಾಯ?" ನಗುತ್ತಲೇ ಹೇಳಿದರು, ಆದರೆ ಅವರು ಹಿಡಿದದ್ದು ಸರಿ. ಆ ಮಾತು ಬರುವುದು ಶತ್ರುಗಳನ್ನು ಪ್ರೀತಿಸಿ ಅನ್ನುವ ಭಾಗದಲ್ಲಿ. ಯೋಗ್ಯತೆ ನೋಡದೆ ಕೊಡುವುದು ದೇವರ ಸ್ವಭಾವ ಅಂತ ಅಲ್ಲಿರುವುದು. ಲೆಕ್ಕದ ನ್ಯಾಯ ಕೇಳಿದರೆ ಮೊದಲು ಈ ಮಳೆಯನ್ನೇ ವಾಪಸ್ ಕೊಡಬೇಕಾಗುತ್ತದೆ. ಇದರಿಂದ ಹೊಸದುರ್ಗದ ತೋಟದವನಿಗೆ ಏನೂ ಸಮಾಧಾನ ಇಲ್ಲ, ಗೊತ್ತು. ಎಲ್ಲ ನೋವನ್ನೂ ಒಂದೇ ವಾಕ್ಯದಲ್ಲಿ ತುಂಬುವುದಕ್ಕೆ ಆಗುವುದಿಲ್ಲ.

ಎರಡು ದಿನ ಯಾಕೆ ತಡ

ಪಂಡಿತರು ಕೊಟ್ಟ ಉತ್ತರಗಳನ್ನೂ ಓದಿದೆ. ಬೇಗ ಮುಗಿಸುತ್ತೇನೆ. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಕೆಟ್ಟದ್ದಕ್ಕೂ ದಾರಿ ಇರಬೇಕು ಅನ್ನುವುದು ಒಂದು. ಮಿಲ್ಲಿನ ವಿಷಯಕ್ಕೆ ಇದು ಒಪ್ಪುತ್ತದೆ, ರಕ್ತದ ಕ್ಯಾನ್ಸರಿಗೆ ಒಪ್ಪುವುದಿಲ್ಲ. ನೋವು ನಮ್ಮನ್ನು ಮಾಗಿಸುತ್ತದೆ ಅನ್ನುವುದು ಇನ್ನೊಂದು. ದೊಡ್ಡವರಿಗಿರಬಹುದು, ಒಂಬತ್ತು ವರ್ಷದವನು ಏನು ಮಾಗಬೇಕಿತ್ತು? ಇರುವ ಎಲ್ಲ ಸಾಧ್ಯತೆಗಳಲ್ಲಿ ಈ ಲೋಕವೇ ಅತ್ಯುತ್ತಮ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ವಾದಿಸಿದ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಜನ ಚರ್ಚುಗಳಲ್ಲಿ ತುಂಬಿಕೊಂಡಿದ್ದಾಗಲೇ ಭೂಕಂಪವಾಯಿತು. ಛಾವಣಿ ಬಿದ್ದಿದ್ದು ಪೂಜೆಗೆ ಬಂದವರ ಮೇಲೆ. ಆಮೇಲೆ ಫ್ರೆಂಚ್ ಲೇಖಕ ವೋಲ್ಟೇರ್ ಲೈಬ್ನಿಜ್‌ನ ಆ ವಾದವನ್ನು ಗೇಲಿ ಮಾಡಿದ್ದು ಪ್ರಸಿದ್ಧ. ಸಿಲೋವಾದ 18 ಜನರನ್ನು ನೆನಪಿಟ್ಟುಕೊಂಡಿದ್ದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಅಕ್ಕನಿಗೆ ಇವೆಲ್ಲ ಬೇಕಿರಲಿಲ್ಲ. ಅವಳು ಸಿಟ್ಟಾಗಿದ್ದು ಲಾಜರನ ಕಥೆಯ ಮೇಲೆ. ಲಾಜರನಿಗೆ ಕಾಯಿಲೆ ಅಂತ ಅವನ ಅಕ್ಕತಂಗಿಯರು ಹೇಳಿ ಕಳಿಸುತ್ತಾರೆ. ಯೇಸು ಸುದ್ದಿ ಕೇಳಿದ ಮೇಲೂ ಇದ್ದ ಜಾಗದಲ್ಲೇ ಎರಡು ದಿನ ಉಳಿದರು ಅಂತ ಯೊವಾನ್ನ ಬರೆದಿದ್ದಾನೆ. "ಎರಡು ದಿನ ಯಾಕೆ ತಡ ಮಾಡಿದರು? ಅದನ್ನ ಮೊದಲು ಹೇಳು" ಅಂತ ಅಕ್ಕ ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಆ ಅಧ್ಯಾಯವನ್ನು ಅವಳ ಕಣ್ಣಿನಿಂದ ಓದಿದಾಗ ನನಗೆ ಬೇರೆ ಒಂದು ಕಂಡಿತು. ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಮಾರ್ತ ಹೇಳುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಮರಿಯಳೂ ಬಂದು ಅದೇ ಮಾತನ್ನು ಅದೇ ರೀತಿ ಹೇಳುತ್ತಾಳೆ. ಲಾಜರ ಸತ್ತು ಆಗಲೇ ನಾಲ್ಕು ದಿನ, ಅಷ್ಟು ದಿನವೂ ಅಕ್ಕತಂಗಿ ಇಬ್ಬರೂ ಮನೆಯಲ್ಲಿ ಇದನ್ನೇ ಆಡಿಕೊಂಡಿದ್ದಾರೆ ಅಂತ ಲೆಕ್ಕ. ಇದು ಪ್ರಾರ್ಥನೆ ಅಲ್ಲ, ನೇರ ದೂರು. ಯೇಸು ಇಬ್ಬರಲ್ಲಿ ಯಾರನ್ನೂ ಗದರಲಿಲ್ಲ. ಇದು ಪರೀಕ್ಷೆ ಅನ್ನಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದವರು, ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತರು. ಮುಂದೆ ಎಲ್ಲ ಸರಿಹೋಗುತ್ತದೆ ಅಂತ ಗೊತ್ತಿದ್ದೂ ಅಳಬಹುದು ಅಂತಾಯಿತು. ನಮ್ಮ ಸಾವಿನ ಮನೆಗಳಲ್ಲಿ ಅಳುವವರನ್ನು ನಂಬಿಕೆ ಕಮ್ಮಿ ಅಂತ ನೋಡುತ್ತೇವಲ್ಲ.

ಶಿಲುಬೆಯ ಮೇಲೂ ಹಾಗೇ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು. ಗರಿಗಳ ಭಾನುವಾರ ನಾವು ಅದನ್ನೇ ಹಾಡುತ್ತೇವೆ, ರಾಗ ಇಂಪಾಗಿರುವುದರಿಂದ ಏನು ಹೇಳುತ್ತಿದ್ದೇವೆ ಅಂತ ಗಮನಕ್ಕೆ ಬರುವುದಿಲ್ಲ. ಕ್ರೈಸ್ತ ನಂಬಿಕೆಯ ಪ್ರಕಾರ ಅಲ್ಲಿ ತೂಗುತ್ತಿರುವವರು ದೇವರ ಮಗ. ಅಂದರೆ ದೇವರ ಮೇಲಿನ ಅತಿ ದೊಡ್ಡ ದೂರು ಬಂದಿರುವುದು ದೇವರ ಬಾಯಿಂದಲೇ. ಆ ದೂರಿಗೆ ಶುಕ್ರವಾರ ಮೇಲಿನಿಂದ ಒಂದು ಮಾತೂ ಬರಲಿಲ್ಲ. ಇದು ಕಷ್ಟಕ್ಕೆ ವಿವರಣೆ ಆಗುವುದಿಲ್ಲ. ಆದರೆ ಕಷ್ಟದಲ್ಲಿರುವವರು ದೇವರಿಂದ ದೂರ ಆಗಿದ್ದಾರೆ, ಅವರದೇ ಏನೋ ತಪ್ಪಿದೆ ಅನ್ನುವ ಲೆಕ್ಕ ಇಲ್ಲಿ ಪೂರ್ತಿ ಬಿದ್ದುಹೋಗುತ್ತದೆ. ನಾನು ಕ್ರೈಸ್ತಳಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಕೇಳಿದರೆ ಇದನ್ನೇ ಹೇಳುತ್ತೇನೆ.

19ನೇ ಅಧ್ಯಾಯ

ಮಗ ಹೋಗಿ ವರ್ಷವಾದಾಗ ಅಕ್ಕನ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಿದ್ದರು. ಓದುವುದಕ್ಕೆ ಉಪದೇಶಿಯವರು ಯೋಬನ 19ನೇ ಅಧ್ಯಾಯದ 23ರಿಂದ 27 ಗುರುತು ಹಾಕಿ ಕೊಟ್ಟರು. ನನ್ನ ಉದ್ಧಾರಕ ಜೀವಂತನಾಗಿದ್ದಾನೆ ಅಂತ ನನಗೆ ಗೊತ್ತು ಅನ್ನುವ ಭಾಗ. ಸತ್ತವರ ಪೂಜೆಯಲ್ಲೂ ಇದನ್ನು ಓದುತ್ತಾರೆ. ಅಕ್ಕ ತಾನೇ ಓದುತ್ತೇನೆ ಅಂದಳು. ಎದ್ದು ನಿಂತು, ಗುರುತು ಹಾಕಿದ ಜಾಗ ಬಿಟ್ಟು 6ನೇ ವಾಕ್ಯದಿಂದ ಶುರು ಮಾಡಿದಳು. ದೇವರೇ ನನಗೆ ಅನ್ಯಾಯ ಮಾಡಿದ್ದಾರೆ, ಅನ್ಯಾಯ ಅನ್ಯಾಯ ಅಂತ ಕೂಗಿದರೂ ಉತ್ತರ ಇಲ್ಲ, ಮೊರೆಯಿಟ್ಟರೂ ನ್ಯಾಯ ಇಲ್ಲ ಅನ್ನುವಲ್ಲಿಂದ. ದಾರಿಗೆ ಗೋಡೆ ಕಟ್ಟಿದ್ದಾರೆ, ನನ್ನನ್ನು ಮರದ ಹಾಗೆ ಬುಡಸಮೇತ ಕಿತ್ತಿದ್ದಾರೆ. ಒಂದೊಂದೇ ವಾಕ್ಯ, ಆತುರ ಇಲ್ಲದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ನಿಲ್ಲಿಸಲಿಲ್ಲ, 27ರವರೆಗೂ ಓದಿದಳು. ಉದ್ಧಾರಕನ ವಾಕ್ಯ ಬಂದಾಗ ಅದು ನಾನು ಅಲ್ಲಿಯವರೆಗೆ ಕೇಳಿದ ವಾಕ್ಯದ ಹಾಗಿರಲಿಲ್ಲ. ಇಷ್ಟೆಲ್ಲ ದೂರಿದ ಬಾಯೇ ಅದನ್ನೂ ಹೇಳುತ್ತಿದೆ. ಮೊದಲಿನದನ್ನು ಕತ್ತರಿಸಿ ಓದಿದರೆ ಅದು ಗೋಡೆಗೆ ತೂಗುಹಾಕುವ ವಾಕ್ಯ ಮಾತ್ರ. ಕಾಫಿ ಕುಡಿಯುವಾಗ ಒಬ್ಬರು ಅದನ್ನೆಲ್ಲ ಓದಬಾರದಿತ್ತು ಅಂದರು. ಫಾದರ್, "ಬೈಬಲಲ್ಲೇ ಇರೋದು ತಾನೇ" ಅಂದು ಬಿಸ್ಕೆಟ್ ಕಡೆ ಕೈ ಹಾಕಿದರು.

ಯೋಬನ ಕೊನೆಯ ವಿಷಯ ಅಕ್ಕನ ಜೊತೆ ಮಾತಾಡಿದ್ದು ಅದಾದ ಮೇಲೆ. ಕೊನೆಯ ಅಧ್ಯಾಯದಲ್ಲಿ ಅವನಿಗೆ ಎಲ್ಲ ಎರಡರಷ್ಟಾಗಿ ಬರುತ್ತದೆ. 7,000 ಕುರಿ ಇದ್ದದ್ದು 14,000. 3,000 ಒಂಟೆ ಇದ್ದದ್ದು 6,000. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಯಾಕೆ ಎರಡರಷ್ಟಾಗಲಿಲ್ಲ? ಅದಕ್ಕೆ ಹಳೆಯ ಕ್ರೈಸ್ತ ವ್ಯಾಖ್ಯಾನ ಒಂದಿದೆ. ಸತ್ತ ಕುರಿ ಹೋದ ಹಾಗೆ, ಆದರೆ ಸತ್ತ ಮಕ್ಕಳು ದೇವರ ಹತ್ತಿರ ಇದ್ದಾರೆ, ಅವರೂ ಸೇರಿದರೆ ಇಪ್ಪತ್ತೇ ಅಲ್ವಾ ಅಂತ. ಅಕ್ಕನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಲೆಕ್ಕ ಚೆನ್ನಾಗಿದೆ ಕಣೆ. ಆದರೆ ನನಗೆ ಲೆಕ್ಕ ಸರಿಹೋಗೋದು ಬೇಡ, ಅವನು ಬೇಕು" ಅಂದಳು.

ಪುನರುತ್ಥಾನ ಅಂತ ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವಲ್ಲ, ಅದು ಹೇಳುವುದೂ ಇದನ್ನೇ ಅಂತ ನನಗೆ ಅವಳ ಮಾತಿನಿಂದ ಹೊಳೆಯಿತು. ಹೋದವನ ಬದಲಿಗೆ ಇನ್ನೇನೋ ಸಿಗುತ್ತದೆ ಅಂತ ಅದರಲ್ಲಿಲ್ಲ. ಅವನೇ ಸಿಗುತ್ತಾನೆ ಅಂತ ಇದೆ. ದೇವರ ನ್ಯಾಯಕ್ಕೆ ಇದಕ್ಕಿಂತ ಕಮ್ಮಿ ಅರ್ಥ ಹೇಳಿದರೆ ಅಕ್ಕನ ಮುಂದೆ ಅದು ನಿಲ್ಲುವುದಿಲ್ಲ. ಹಾಗಂತ ಕೈಯಲ್ಲಿ ಹಿಡಿದು ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಪ್ರಕಟನಾ ಗ್ರಂಥದ 6ನೇ ಅಧ್ಯಾಯದಲ್ಲಿ, ನಂಬಿಕೆಗಾಗಿ ಕೊಲೆಯಾದ ಸಾಕ್ಷಿಗಳು ಸ್ವರ್ಗದ ಬಲಿಪೀಠದ ಕೆಳಗಿನಿಂದಲೂ ಇನ್ನೂ ಎಷ್ಟು ಕಾಲ ಅಂತ ಕೂಗುತ್ತಿದ್ದಾರೆ. ಅವರಿಗೆ ಸಿಕ್ಕ ಉತ್ತರ ಇನ್ನು ಸ್ವಲ್ಪ ಕಾಲ ಅನ್ನುವುದಷ್ಟೇ. ಅಲ್ಲಿಗೆ ತಲುಪಿದವರಿಗೇ ಕಾಯಬೇಕಾಗಿ ಬಂದಿದೆ. ಕ್ರಿಸ್ತ ಎದ್ದಿಲ್ಲ ಅಂದರೆ, ನಮ್ಮ ಆಸೆ ಈ ಬದುಕಿಗಷ್ಟೇ ಅಂದರೆ, ನಮ್ಮಷ್ಟು ಅಯ್ಯೋ ಪಾಪ ಅನ್ನಿಸಿಕೊಳ್ಳಬೇಕಾದವರು ಇನ್ಯಾರೂ ಇಲ್ಲ ಅಂತ ಪೌಲರು ಕೊರಿಂಥದವರಿಗೆ ಬರೆದರು. ಅವರು ಆ ಸಾಧ್ಯತೆಯನ್ನು ಮುಚ್ಚಿಡಲಿಲ್ಲ. ನಮ್ಮ ಪ್ರವಚನಗಳಲ್ಲಿ ಆ ವಾಕ್ಯ ಕೇಳಿ ಬಹಳ ಕಾಲವಾಯಿತು.